ಬಳ್ಳಿ ಆಲೂಗೆಡ್ಡೆ: ಬೀಜ ತರುವ ಮುನ್ನ ಕಹಿಯನ್ನು ವಿಚಾರಿಸಿ

ಮಲೆನಾಡಿನ ರೈತರೊಬ್ಬರು ಕಾಡಂಚಿನಲ್ಲಿ ಆರಿಸಿದ ಒಂದು ಚೀಲ ಬಳ್ಳಿ ಆಲೂಗೆಡ್ಡೆಯನ್ನು, ಅಂದರೆ ಬಳ್ಳಿಯ ಮೇಲೆಯೇ ಬಿಡುವ ಗೆಡ್ಡೆಯನ್ನು, ನನ್ನ ಮುಂದಿಟ್ಟು, ಇದನ್ನು ಬೇಲಿಗೆ ಹಬ್ಬಿಸಬಹುದೇ ಎಂದು ಕೇಳಿದರು. ಒಂದನ್ನು ಕೊಯ್ದೆ, ತಿಳಿಹಳದಿ ತಿರುಳು, ಕತ್ತಿಗೆ ಅಂಟುವ ಲೋಳೆ. ಅಷ್ಟು ನೋಡಿ ಏನನ್ನೂ ಹೇಳಲಾಗದು. ಬೇಯಿಸಿದಾಗ ಕಹಿಯಿತ್ತೇ ಎಂದು ವಿಚಾರಿಸಿದರೆ, "ಸ್ವಲ್ಪ ಇತ್ತು ಸಾರ್, ಹುಳಿ ಹಾಕಿದ್ರೆ ಹೋಗಲ್ವಾ?" ಎಂದರು. ಹೋಗುವುದಿಲ್ಲ. ಹುಳಿಯು ಕಹಿಯನ್ನು ನಾಲಿಗೆಯಿಂದ ಮರೆಸುತ್ತದೆಯೇ ಹೊರತು ಗೆಡ್ಡೆಯಿಂದ ತೆಗೆಯುವುದಿಲ್ಲ.

ಹೆಸರೇ ದಾರಿ ತಪ್ಪಿಸುತ್ತದೆ. ಡಯೋಸ್ಕೋರಿಯಾ ಬಲ್ಬಿಫೆರಾ ಎಂಬ ಈ ಬಳ್ಳಿಗೆ ಆಲೂಗೆಡ್ಡೆಯ ನಂಟಿಲ್ಲ. ಕೊಡಗಿನವರು ಪುತ್ತರಿ ಹಬ್ಬದಲ್ಲಿ ಬೇಯಿಸುವ ಗೆಣಸಿನ (ಸಿಹಿಗೆಣಸಲ್ಲ) ಕುಲ ಇದರದ್ದು. ತಲೆಮಾರುಗಳಿಂದ ಹಿತ್ತಲಲ್ಲಿ ಬೆಳೆಸಿದ ತಳಿಗಳು ಸಪ್ಪೆಯಾಗಿರುತ್ತವೆ, ಕಾಡಿನವು ಹೆಚ್ಚಾಗಿ ಕಹಿ. ಕಹಿ ಗೆಡ್ಡೆಯಲ್ಲಿರುವ ಡಯೋಸ್ಬಲ್ಬಿನ್ ಎಂಬ ಸಂಯುಕ್ತಗಳು ಯಕೃತ್ತಿಗೆ ಹಾನಿಕರ. ಚೀನಾದಲ್ಲಿ ಇದೇ ಗೆಡ್ಡೆಯನ್ನು ಔಷಧಿಯಾಗಿ ದೀರ್ಘಕಾಲ ಸೇವಿಸಿದವರಲ್ಲಿ ಅಂತಹ ಪ್ರಕರಣಗಳು ದಾಖಲಾಗಿವೆ. ಕಾಡನ್ನೇ ನಂಬಿದ ಹಲವು ಸಮುದಾಯಗಳು ತೆಳುವಾಗಿ ಹೆಚ್ಚಿ, ಬೂದಿನೀರಿನಲ್ಲಿ ಬೇಯಿಸಿ, ಹರಿಯುವ ನೀರಿನಲ್ಲಿ ನೆನೆಸಿಟ್ಟು ತಿನ್ನುತ್ತವೆ ಎಂಬುದು ನಿಜ. ಆದರೆ ಎಷ್ಟು ಹೊತ್ತು, ಯಾವ ಬಳ್ಳಿಗೆ ಎಂಬುದು ಅವರ ಕೈಯ ಅನುಭವವಾಗಿರುವುದರಿಂದ, ಅದನ್ನು ಓದಿ ಅನುಸರಿಸಲು ನಾನು ಯಾರಿಗೂ ಹೇಳುವುದಿಲ್ಲ.

ಬೆಳೆಸುವುದು ಸುಲಭ, ತೀರಾ ಸುಲಭ. ಬೇಸಿಗೆಯಲ್ಲಿ ತಾನಾಗಿ ಮೊಳೆತ ಗೆಡ್ಡೆಯನ್ನು ಮೊದಲ ಮಳೆಗೆ ಕೊಟ್ಟಿಗೆ ಗೊಬ್ಬರ ತುಂಬಿದ ಗುಂಡಿಯಲ್ಲಿಟ್ಟು, ಹಬ್ಬಲು ಬೇಲಿಯನ್ನೋ ಗೊಬ್ಬರದ ಗಿಡವನ್ನೋ (ಗ್ಲಿರಿಸಿಡಿಯಾ) ತೋರಿಸಿದರೆ ಸಾಕು. ಎಳೆಯ ಅಡಿಕೆ ಸಸಿಯ ಬಳಿ ಮಾತ್ರ ಬೇಡ, ಹೃದಯಾಕಾರದ ಆ ಅಗಲ ಎಲೆಗಳು ಸಸಿಯನ್ನೇ ಮುಚ್ಚಿಬಿಡುತ್ತವೆ. ಮಳೆಗಾಲ ಮುಗಿಯುತ್ತಾ ಎಲೆಯ ಕಂಕುಳಲ್ಲಿ ಗೆಡ್ಡೆಗಳು ದಪ್ಪವಾಗಿ, ಎಲೆ ಹಳದಿಯಾದ ಮೇಲೆ ಮುಟ್ಟಿದರೆ ಕಳಚುತ್ತವೆ. ಬಿದ್ದದ್ದನ್ನು ಆರಿಸದೆ ಬಿಟ್ಟರೆ ಬಳ್ಳಿ ಕಳೆಯಾಗುತ್ತದೆ. 1905ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ತರಿಸಿಕೊಂಡ ಇದೇ ಬಳ್ಳಿ ಅಲ್ಲಿನ ಕಾಡುಗಳನ್ನು ಆವರಿಸಿತು. ಅದರ ಎಲೆ ತಿನ್ನುವ ಜೀರುಂಡೆಯನ್ನು ಏಷ್ಯಾದಿಂದ ಒಯ್ದು ಬಿಡಬೇಕಾಯಿತು.

ಸಪ್ಪೆ ತಳಿಯನ್ನೂ ಹಸಿಯಾಗಿ ತಿನ್ನಬಾರದು. ಲೋಳೆ ತುರಿಸುವುದರಿಂದ ಕೈಗೆ ಎಣ್ಣೆ ಸವರಿ, ಸಿಪ್ಪೆಯನ್ನು ದಪ್ಪವಾಗಿ ಹೆರೆದು, ಬೇಯಿಸಿದ ನೀರು ಚೆಲ್ಲಿದ ನಂತರವೇ ಒಗ್ಗರಣೆ ಹಾಕಬೇಕು.

ಆ ರೈತರಿಗೆ, ಚೀಲದಲ್ಲಿದ್ದುದನ್ನು ಗೊಬ್ಬರದ ಗುಂಡಿಗೂ ಎಸೆಯಬೇಡಿ, ಅಲ್ಲಿಯೇ ಚಿಗುರುತ್ತದೆ ಎಂದು ತಿಳಿಸಿ, ಬೀಜದ ಗೆಡ್ಡೆಗಾಗಿ ಅಜ್ಜಿಯ ಕಾಲದಿಂದ ಇದರ ಪಲ್ಯ ಉಣ್ಣುತ್ತಿರುವ ಪಕ್ಕದೂರಿನ ಮನೆಯೊಂದಕ್ಕೆ ಕಳುಹಿಸಿದೆ.