ಹಳೇ ಸಿಂಗಲ್ ಸೀಟರ್ ರೇಸ್ ಕಾರುಗಳು: ಶಾಫ್ಟ್ ಜಾಡು ಹಿಡಿದು ಓದೋಣ

ಒಬ್ಬರೇ ಕೂರುವ ಸಿಂಗಲ್ ಸೀಟರ್ ರೇಸ್ ಕಾರುಗಳ ಇತಿಹಾಸ ಓದಲು ಕೂತರೆ ಹೆಸರು, ಇಸವಿ, ಗೆದ್ದವರ ಪಟ್ಟಿಯಲ್ಲೇ ತಲೆ ಕೆಡುತ್ತದೆ. ಯಾವ ಕಾರಿನ ಚಿತ್ರ ಸಿಕ್ಕರೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ. ಎಂಜಿನ್ ಮುಂದಿದೆ, ಕಾರನ್ನು ಓಡಿಸುವ ಚಕ್ರ ಹಿಂದಿದೆ, ನಡುವೆ ಡ್ರೈವರ್ ಕೂತಿದ್ದಾನೆ. ಹಾಗಾದರೆ ಪ್ರೊಪೆಲ್ಲರ್ ಶಾಫ್ಟ್ ಅವನನ್ನು ದಾಟಿ ಹೋಗುವುದು ಹೇಗೆ? ಲಾರಿಯ ಅಡಿಯಲ್ಲಿ ಗಿರಗಿರ ತಿರುಗುವ ಉದ್ದನೆಯ ಕೊಳವೆ ನೋಡಿರುತ್ತೀರಲ್ಲ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಅದೇ ಶಾಫ್ಟ್. ಸಿಂಗಲ್ ಸೀಟರ್ ಕಥೆಯ ಮುಕ್ಕಾಲು ಪಾಲು ಈ ಪ್ರಶ್ನೆಯಲ್ಲೇ ಇದೆ.

ಇಬ್ಬರು ಕೂರುತ್ತಿದ್ದ ಕಾಲ

1906ರಲ್ಲಿ ಫ್ರಾನ್ಸಿನ ಲೆ ಮಾನ್‌ನಲ್ಲಿ ಮೊದಲ ಗ್ರಾಂಡ್ ಪ್ರಿ (ದೊಡ್ಡ ಮಟ್ಟದ ಕಾರ್ ರೇಸ್) ನಡೆದಾಗ ಡ್ರೈವರ್ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಇರುತ್ತಿದ್ದ. ಟೈರ್ ಬದಲಿಸಲು, ರಿಪೇರಿಗೆ, ಹಿಂದೆ ಯಾರು ಬರುತ್ತಿದ್ದಾರೆ ಎಂದು ನೋಡಲು ಅವನೇ ಬೇಕು. ಇಬ್ಬರ ಮಧ್ಯದ ಜಾಗದಲ್ಲಿ ಶಾಫ್ಟ್ ಹಾಯಾಗಿ ಹೋಗುತ್ತಿತ್ತು. 1911ರಲ್ಲಿ ಅಮೆರಿಕದ ಮೊದಲ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ರೇ ಹರೂನ್ ಮಾತ್ರ ಒಬ್ಬರೇ ಕೂತು ಮಾರ್ಮನ್ ವಾಸ್ಪ್ ಎಂಬ ಕಾರು ಓಡಿಸಿದರು. ಹಿಂದೆ ನೋಡಲು ಜನ ಇಲ್ಲ, ಅದಕ್ಕೆ ಒಂದು ಕನ್ನಡಿ ಹಾಕಿಸಿಕೊಂಡರು. ಸರಾಸರಿ ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ ಗೆದ್ದೂ ಬಿಟ್ಟರು.

ಯುರೋಪಿನ ಗ್ರಾಂಡ್ ಪ್ರಿಗಳಲ್ಲಿ ಮೆಕ್ಯಾನಿಕ್ ಇಳಿದದ್ದು 1925ರಲ್ಲಿ. ಆದರೆ ಕಾರಿನ ಬಾಡಿ ಇಬ್ಬರು ಕೂರುವಷ್ಟು ಅಗಲ ಇರಲೇಬೇಕು ಎಂಬ ನಿಯಮ 1927ರವರೆಗೆ ಹೋಗಲಿಲ್ಲ. ಖಾಲಿ ಜಾಗ ಹೊತ್ತುಕೊಂಡು ರೇಸ್ ಓಡುವುದು! ನಿಯಮ ಬರೆಯುವವರು ಎಲ್ಲ ಕಾಲದಲ್ಲೂ ಒಂದೇ ಥರ, ಅಲ್ವಾ?

ಆಲ್ಫಾದ ಉಪಾಯ

ಇಲ್ಲಿ ಸ್ವಲ್ಪ ನಿಂತು ಒಂದು ಚಿತ್ರ ಬರೆದುಕೊಳ್ಳಿ. ಬಾಡಿ ಸಪೂರವಾದರೆ ಡ್ರೈವರ್ ಸರಿಯಾಗಿ ಮಧ್ಯಕ್ಕೆ ಬರುತ್ತಾನೆ. ಶಾಫ್ಟ್ ಕೂಡ ಅಲ್ಲೇ ಇದೆ. ಅದರ ಮೇಲೆ ಕೂರಿಸಿದರೆ ಎತ್ತರವಾಗುತ್ತದೆ, ಗಾಳಿಯ ತಡೆ ಜಾಸ್ತಿ. ಇಟಲಿಯ ಆಲ್ಫಾ ರೋಮಿಯೋ ಕಂಪನಿಯ ವಿನ್ಯಾಸಕಾರ ವಿತ್ತೋರಿಯೋ ಯಾನೋ 1931ರ ಟಿಪೊ ಎ ಕಾರಿನಲ್ಲಿ ಎರಡು ಎಂಜಿನ್‌ಗಳನ್ನು ಅಕ್ಕಪಕ್ಕ ಇಟ್ಟರು. ಗೇರ್‌ಬಾಕ್ಸ್ ಎರಡು, ಶಾಫ್ಟ್ ಎರಡು. ಅದು ಭಾರವಾಯಿತು, ಸಂಭಾಳಿಸುವುದೂ ಕಷ್ಟವಾಯಿತು.

1932ರ ಟಿಪೊ ಬಿ, ಅಂದರೆ ಎಲ್ಲರೂ ಪಿ3 ಎನ್ನುವ ಕಾರಿನಲ್ಲಿ ಎಂಜಿನ್ ಒಂದೇ: 2.65 ಲೀಟರಿನ, ಸಾಲಾಗಿ ಎಂಟು ಸಿಲಿಂಡರ್ ಇರುವ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಎರಡು ಸೂಪರ್‌ಚಾರ್ಜರ್‌ಗಳದ್ದು. ಶಾಫ್ಟ್ ಮಾತ್ರ ಎರಡೇ ಉಳಿಯಿತು. ಡಿಫರೆನ್ಷಿಯಲ್, ಅಂದರೆ ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಗುಂಪು, ಸಾಮಾನ್ಯವಾಗಿ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ನಡುವೆ ಇರುತ್ತದೆ. ಯಾನೋ ಅದನ್ನು ಮುಂದಕ್ಕೆ ತಂದು ಗೇರ್‌ಬಾಕ್ಸ್ ಬೆನ್ನಿಗೇ ಕೂರಿಸಿದರು. ಅಲ್ಲಿಂದ ಎರಡು ಶಾಫ್ಟ್‌ಗಳು ಇಂಗ್ಲಿಷಿನ ವಿ ಅಕ್ಷರದಂತೆ ಕವಲೊಡೆದು ಒಂದೊಂದು ಹಿಂದಿನ ಚಕ್ರದ ಹತ್ತಿರ ಹೋಗುತ್ತವೆ. ಸೀಟು ಆ ಕವಲಿನ ನಡುವೆ. ಭಾರದ ಡಿಫರೆನ್ಷಿಯಲ್ ಹೋದ ಮೇಲೆ ಆಕ್ಸಲ್ ಕೂಡ ಹಗುರವಾಯಿತು. ಮೊದಲ ರೇಸಿನಲ್ಲೇ, ಇಟಲಿಯ ಮೊಂಜಾದಲ್ಲಿ, ಡ್ರೈವರ್ ನುವೊಲಾರಿ ಗೆದ್ದರು.

1938ರ ಮರ್ಸಿಡಿಸ್ ಡಬ್ಲ್ಯೂ154ರಲ್ಲಿ ಬೇರೆ ಉಪಾಯ. ಎಂಜಿನ್ನನ್ನೇ ಓರೆಯಾಗಿ ಕೂರಿಸಿ ಶಾಫ್ಟನ್ನು ಡ್ರೈವರ್ ಪಕ್ಕದಿಂದ ಕಳಿಸಿದರು.

ಎಂಜಿನ್ ಹಿಂದೆ ಹೋದದ್ದು

ಇಂಗ್ಲೆಂಡಿನ ಕೂಪರ್ ಕಂಪನಿಯವರೇ ಮೊದಲು ಎಂಜಿನ್ ಹಿಂದಿಟ್ಟರು ಎಂದು ಬರೆಯಬೇಡಿ, ಅದು ತಪ್ಪು. ಫರ್ಡಿನಾಂಡ್ ಪೋರ್ಷೆ ವಿನ್ಯಾಸದ, ಜರ್ಮನಿಯ ಆಟೋ ಯೂನಿಯನ್ ಕಾರಿನಲ್ಲಿ 1934ರಲ್ಲೇ 16 ಸಿಲಿಂಡರ್ ಎಂಜಿನ್ ಡ್ರೈವರ್ ಬೆನ್ನ ಹಿಂದಿತ್ತು. ನಡುವೆ ಪೆಟ್ರೋಲ್ ಟ್ಯಾಂಕ್. ಇಂಧನ ಖರ್ಚಾದರೂ ಮುಂದೆ ಹಿಂದೆ ಭಾರದ ಲೆಕ್ಕ ಹೆಚ್ಚು ಬದಲಾಗಬಾರದು ಅಂತ. ಡ್ರೈವರ್ ತೀರಾ ಮುಂದೆ ಕೂರುತ್ತಿದ್ದ, ಹಿಂಬದಿ ಜಾರಿದ್ದು ಅವನಿಗೆ ತಡವಾಗಿ ಗೊತ್ತಾಗುತ್ತಿತ್ತು. ಬರ್ನ್ಡ್ ರೋಸೆಮೆಯರ್ ಅಂಥ ಕೆಲವರಿಗಷ್ಟೇ ಅದು ಬಗ್ಗಿತು.

ಕೂಪರ್ ಕಥೆಯಲ್ಲಿ ದೊಡ್ಡ ಸಿದ್ಧಾಂತ ಏನೂ ಇಲ್ಲ, ದುಡ್ಡಿನ ಲೆಕ್ಕ ಇದೆ. ಅದಕ್ಕೇ ನನಗೆ ಇದು ಹೆಚ್ಚು ಇಷ್ಟ. 1946, ಯುದ್ಧ ಮುಗಿದ ಇಂಗ್ಲೆಂಡ್. ಅಪ್ಪ ಚಾರ್ಲ್ಸ್, ಮಗ ಜಾನ್, ಸರ್ಬಿಟನ್‌ನಲ್ಲಿ ಒಂದು ಗ್ಯಾರೇಜ್. ಫಿಯೆಟ್ ಟೊಪೊಲಿನೊ ಕಾರುಗಳ ಎರಡು ಮುಂಭಾಗ ತಂದು ಬೆನ್ನಿಗೆ ಬೆನ್ನು ಸೇರಿಸಿದರು. ಆ ಕಾರಿನ ಮುಂದಿನ ಸಸ್ಪೆನ್ಷನ್‌ನಲ್ಲಿ ಎರಡು ಚಕ್ರಗಳೂ ಪ್ರತ್ಯೇಕವಾಗಿ ಏರಿಳಿಯುತ್ತಿದ್ದವು. ಹೀಗೆ ಸೇರಿಸಿದ್ದರಿಂದ ಹಿಂದೆಯೂ ಅದೇ ಸಿಕ್ಕಿತು. ಎಂಜಿನ್ ಮೋಟಾರ್ ಸೈಕಲ್ಲಿನದು, 500 ಸಿಸಿಯ ಜಾಪ್. ಶಕ್ತಿ ಚಕ್ರಕ್ಕೆ ಹೋಗುವುದು ಚೈನಿನಲ್ಲಿ. ಚೈನ್ ಇದ್ದಮೇಲೆ ಎಂಜಿನ್ ಚಕ್ರದ ಹತ್ತಿರವೇ ಇರಬೇಕು, ಸುಮ್ನೆ ಹಿಂದೆ ಇಟ್ಟರು. ಶಾಫ್ಟೇ ಮಾಯ!

ಮುಂದೆ 1958ರ ಅರ್ಜೆಂಟೀನಾ ಗ್ರಾಂಡ್ ಪ್ರಿ. ಸುಮಾರು 2.5 ಲೀಟರಿನ ಫೆರಾರಿ, ಮಸೆರಾಟಿಗಳ ಎದುರು ಸುಮಾರು 2 ಲೀಟರಿನ ಪುಟ್ಟ ಕೂಪರ್‌ನಲ್ಲಿ ಸ್ಟರ್ಲಿಂಗ್ ಮಾಸ್. ಕೂಪರ್ ಚಕ್ರಕ್ಕೆ ನಾಲ್ಕು ನಟ್. ಟೈರ್ ಬದಲಿಸಲು ಅವನ್ನು ಬಿಚ್ಚಿ ಹಾಕುತ್ತಾ ನಿಂತರೆ ಹೊತ್ತು ಹೋಗುತ್ತದೆ, ರೇಸ್ ಹೋದಂತೆಯೇ. ತಂಡದವರು ಟೈರ್ ಬದಲಿಸುವವರ ಹಾಗೆ ಪಿಟ್‌ನಲ್ಲಿ (ರೇಸ್ ಮಧ್ಯೆ ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗ) ನಾಟಕ ಆಡಿದರು, ಮಾಸ್ ಮಾತ್ರ ನಿಲ್ಲಲೇ ಇಲ್ಲ. ಟೈರ್ ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು. ಗೆದ್ದದ್ದು 2.7 ಸೆಕೆಂಡಿನಲ್ಲಿ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹಿಂದೆ ಎಂಜಿನ್ ಇದ್ದ ಕಾರಿನ ಮೊದಲ ಗೆಲುವು ಇದು. 1959, 1960ರಲ್ಲಿ ಜಾಕ್ ಬ್ರಾಬಮ್ ಕೂಪರ್‌ನಲ್ಲೇ ಚಾಂಪಿಯನ್ ಆದರು.

ಗಾಡಿಯನ್ನು ಪ್ರಾಣಿ ಎಳೆಯಬೇಕು, ತಳ್ಳಬಾರದು, ಹಾಗೇ ಎಂಜಿನ್ ಮುಂದೆಯೇ ಇರಬೇಕು ಎಂಬುದು ಫೆರಾರಿ ಕಂಪನಿಯ ಎಂಜೋ ಫೆರಾರಿಯವರ ವಾದ ಎನ್ನುತ್ತಾರೆ. 1960ರಲ್ಲಿ ಮೊಂಜಾದಲ್ಲಿ ಮುಂದೆ ಎಂಜಿನ್ ಇದ್ದ ಕಾರಿನ ಕೊನೆಯ ಗ್ರಾಂಡ್ ಪ್ರಿ ಗೆಲುವು ಅವರದ್ದೇ. ಆದರೆ ಬ್ರಿಟಿಷ್ ತಂಡಗಳು ಆ ರೇಸಿಗೆ ಬಂದಿರಲಿಲ್ಲ, ಇದನ್ನೂ ಬರೆದುಕೊಳ್ಳಿ. ಇಂಡಿಯಾನಾಪೊಲಿಸ್ ಇನ್ನೂ ನಿಧಾನ. ಅಲ್ಲಿ ಹಿಂದೆ ಎಂಜಿನ್ ಇದ್ದ ಕಾರು ಗೆದ್ದದ್ದು 1965ರಲ್ಲಿ, ಜಿಮ್ ಕ್ಲಾರ್ಕ್ ಅವರ ಲೋಟಸ್.

ನಮ್ಮ ದೇಶದ ಉದಾಹರಣೆ ಬೇಕಿದ್ದರೆ ಫಾರ್ಮುಲಾ ಮಾರುತಿ ನೋಡಿ. ಕೊಯಮತ್ತೂರಿನ ಕರಿವರ್ಧನ್ ಮಾರುತಿ 800ರ ಎಂಜಿನ್ ತೆಗೆದು ಡ್ರೈವರ್ ಹಿಂದೆ ಇಟ್ಟು ಕಟ್ಟಿದ ಸಿಂಗಲ್ ಸೀಟರ್ ಅದು. ನಾರಾಯಣ್ ಕಾರ್ತಿಕೇಯನ್ ಕೂಡ ಆರಂಭದ ದಿನಗಳಲ್ಲಿ ಅದನ್ನು ಓಡಿಸಿದ್ದರು.