ಪಾಲು ಒಂದಕ್ಕಿಂತ ಜಾಸ್ತಿ ಬಂದಾಗ: ಇಸ್ಲಾಮಿನ ತಕ್ಕಡಿ ಮತ್ತು ಗಣಿತದ ಹಳೇ ಕಥೆ

ಕುರ್‌ಆನಲ್ಲಿ ‘ದಿನ’ ಅನ್ನೋ ಪದ 365 ಸಲ, ‘ತಿಂಗಳು’ 12 ಸಲ ಬರುತ್ತೆ, ಎಂಥಾ ಗಣಿತ ನೋಡಿ ಅಂತ ಒಂದು ಫಾರ್ವರ್ಡ್ ಓಡಾಡ್ತಾನೇ ಇರುತ್ತೆ. ಆ 365 ಬರ್ಬೇಕಾದ್ರೆ ಏಕವಚನ ಎಣಿಸಿ ಬಹುವಚನ ಬಿಡ್ಬೇಕು, ಪ್ರತ್ಯಯ ಹತ್ತಿರೋ ರೂಪಗಳಲ್ಲಿ ಕೆಲವನ್ನ ಸೇರಿಸ್ಕೊಂಡು ಇನ್ನು ಕೆಲವನ್ನ ಕಂಡೂ ಕಾಣದ ಹಾಗೆ ಹೋಗ್ಬೇಕು, ಅದನ್ನ ಫಾರ್ವರ್ಡ್ ಮಾಡೋರು ಯಾರೂ ಹೇಳಲ್ಲ. ಈ ಹುಚ್ಚಿನ ತುತ್ತತುದಿ ಅಂದ್ರೆ ರಶಾದ್ ಖಲೀಫಾ. ಈಜಿಪ್ಟಲ್ಲಿ ಹುಟ್ಟಿ ಅಮೆರಿಕಾಗೆ ಹೋದ ಬಯೋಕೆಮಿಸ್ಟ್, ಕುರ್‌ಆನನ್ನ ಕಂಪ್ಯೂಟರಿಗೆ ಹಾಕಿ 1974ರಲ್ಲಿ ಎಲ್ಲವೂ 19ರ ಮೇಲೆ ನಿಂತಿದೆ ಅಂದ, ಕೊನೆಗೆ ತನ್ನ 19ಕ್ಕೆ ಹೊಂದಲಿಲ್ಲ ಅಂತ ಒಂಬತ್ತನೇ ಅಧ್ಯಾಯದ ಕೊನೇ ಎರಡು ವಚನಗಳೇ ಕುರ್‌ಆನಿಗೆ ಸೇರಿದ್ದಲ್ಲ ಅಂದುಬಿಟ್ಟ. ಮುಸ್ಲಿಂ ವಿದ್ವಾಂಸರು ಉರಿದುಬಿದ್ರು ಅಂತ ಬೇರೆ ಹೇಳ್ಬೇಕಾಗಿಲ್ಲ.

ನನಗೆ ಬೇಜಾರಾಗೋದು ಏನಂದ್ರೆ ಈ ಪದ ಎಣಿಸೋ ಗಲಾಟೆಲಿ ಇಸ್ಲಾಮಿಗೂ ಗಣಿತಕ್ಕೂ ನಿಜವಾಗ್ಲೂ ಇದ್ದ ನಂಟು ಮುಚ್ಚಿಹೋಗುತ್ತೆ. ಅದು ಶುರುವಾಗಿದ್ದು ಸಂತೆ ಅಂಗಡಿಯ ತಕ್ಕಡಿಯಿಂದ, ಬೆಳೆದಿದ್ದು ಸತ್ತೋರ ಆಸ್ತಿ ಹಂಚೋ ಜಗಳದಲ್ಲಿ, ಅಲ್ಲಿಂದ ಬೀಜಗಣಿತಕ್ಕೂ ಸುಲ್ತಾನನ ಖಜಾನೆಗೂ ಹೋಯ್ತು.

ಕುರ್‌ಆನಿನ 55ನೇ ಅಧ್ಯಾಯ ಅರ್ರಹ್ಮಾನ್. ಅದರ ಆರಂಭದಲ್ಲೇ ಸೂರ್ಯ ಚಂದ್ರ ಲೆಕ್ಕದ ಪ್ರಕಾರ ನಡೀತಾರೆ ಅಂತ ಬರುತ್ತೆ, ಅದಾದ್ಮೇಲೆ ಆಕಾಶವನ್ನ ಮೇಲೆತ್ತಿ ‘ಮೀಝಾನ್’ ಇಟ್ಟ ಅಂತ, ಅಂದ್ರೆ ತಕ್ಕಡಿ. ಮೂರು ಸಾಲಲ್ಲಿ ಮೂರು ಸಲ ಆ ಪದ ಬರುತ್ತೆ, ಅದರ ಜೊತೆಗೇ ತೂಕದಲ್ಲಿ ಮೋಸ ಮಾಡ್ಬೇಡಿ, ಸರಿಯಾಗಿ ತೂಗಿ ಅನ್ನೋ ಮಾತು. ಆಕಾಶದ ವ್ಯವಸ್ಥೆ ಮತ್ತೆ ಅಂಗಡಿಯವನ ಕೈಯಲ್ಲಿರೋ ತಕ್ಕಡಿ, ಎರಡಕ್ಕೂ ಒಂದೇ ಉಸಿರು. 83ನೇ ಅಧ್ಯಾಯವಂತೂ ತನಗೆ ಅಳೆಸ್ಕೊಳ್ಳೋವಾಗ ಪೂರ್ತಿ ತಗೊಂಡು ಬೇರೆಯವ್ರಿಗೆ ಅಳೆದು ಕೊಡೋವಾಗ ಕಡಿಮೆ ಕೊಡೋರಿಗೆ ಹಾಳಾಗಿ ಹೋಗಿ ಅಂತಾನೇ ಶುರುವಾಗೋದು. ಮದ್ಯನ್ ಊರಿಗೆ ಬಂದ ಶುಐಬ್ ಪ್ರವಾದಿಯ ಮುಖ್ಯ ತಕರಾರೂ ಅದೇ, ತೂಕ ಅಳತೆಲಿ ಕಡಿಮೆ ಮಾಡ್ಬೇಡಿ. ಮೆಕ್ಕಾ ವ್ಯಾಪಾರದ ಊರು, ಅಲ್ಲಿ ಕೇಳಿಸ್ಕೊಂಡೋರಿಗೆ ಇದು ಯಾರನ್ನ ಕುರಿತು ಹೇಳಿದ್ದು ಅಂತ ಬಿಡಿಸಿ ಹೇಳ್ಬೇಕಾಗಿರ್ಲಿಲ್ಲ.

ಈ ಮಾತು ಉಪದೇಶವಾಗೇ ಉಳೀಲಿಲ್ಲ. ಉಮಯ್ಯದ್ ಖಲೀಫ ಅಬ್ದುಲ್ ಮಲಿಕ್ 696-97ರ ಹೊತ್ತಿಗೆ ನಾಣ್ಯ ಸುಧಾರಣೆ ಮಾಡಿ ಚಿನ್ನದ ನಾಣ್ಯ ದೀನಾರ್‌ನ ತೂಕವನ್ನ ಸುಮಾರು 4.25 ಗ್ರಾಂಗೆ ನಿಲ್ಲಿಸ್ದ. ಈಜಿಪ್ಟಲ್ಲಿ ನಾಣ್ಯ ತೂಗಕ್ಕೆ ಗಾಜಿನ ಬಟ್ಟು ಮಾಡಿ ಅಧಿಕಾರಿಯ ಹೆಸರಿನ ಮುದ್ರೆ ಒತ್ತುತ್ತಿದ್ರು, ಇವತ್ತು ಮ್ಯೂಸಿಯಮ್ಮುಗಳಲ್ಲಿ ರಾಶಿ ರಾಶಿ ಇವೆ. ಗಾಜನ್ನ ಒಂಚೂರು ಉಜ್ಜಿ ಹಗುರ ಮಾಡಿದ್ರೂ ಗೊತ್ತಾಗಿಬಿಡುತ್ತೆ. ಸಂತೆ ನೋಡ್ಕೊಳ್ಳಕ್ಕೆ ಮುಹ್ತಸಿಬ್ ಅಂತ ಒಬ್ಬ ಅಧಿಕಾರಿ ಇರ್ತಿದ್ದ, ಅವನಿಗೋಸ್ಕರ ಬರೆದ ಕೈಪಿಡಿಗಳಲ್ಲಿ ಬಟ್ಟು ಕಬ್ಬಿಣದ್ದೇ ಇರ್ಬೇಕು, ಕಲ್ಲಿಂದು ಬೇಡ, ಒಂದಕ್ಕೊಂದು ತಾಗಿ ತಾಗಿ ಚೂರು ಉದುರಿ ತೂಕ ಕಡಿಮೆ ಆಗುತ್ತೆ ಅಂತೆಲ್ಲ ಬರೆದಿದ್ದಾರೆ. ಅಷ್ಟು ಸೂಕ್ಷ್ಮ.

ಆದ್ರೆ ಅಂಗಡಿ ತಕ್ಕಡಿಗೆ ಗಣಿತ ಅಷ್ಟೇನೂ ಬೇಕಾಗಿಲ್ಲ. ಗಣಿತಕ್ಕೆ ಕೈ ಹಾಕಿಸಿದ್ದು ಆಸ್ತಿ.

ನಾಲ್ಕನೇ ಅಧ್ಯಾಯದ 11, 12 ಮತ್ತೆ 176ನೇ ವಚನಗಳಲ್ಲಿ ಯಾರಿಗೆ ಎಷ್ಟು ಪಾಲು ಅಂತ ನೇರವಾಗಿ ಭಿನ್ನರಾಶಿ ಕೊಟ್ಟಿದೆ. ಅರ್ಧ, ಕಾಲು, ಎಂಟನೇ ಒಂದು, ಮೂರನೇ ಎರಡು, ಮೂರನೇ ಒಂದು, ಆರನೇ ಒಂದು. ಒಟ್ಟು ಆರು ಭಿನ್ನರಾಶಿ, ಸಾಮಾನ್ಯವಾಗಿ ತೊಂದ್ರೆ ಇಲ್ಲ, ಪಾಲು ಕೊಟ್ಟು ಉಳಿದಿದ್ದು ಗಂಡಸರ ಮೂಲಕ ನಂಟಿರೋ ಹತ್ತಿರದ ಬಂಧುಗಳಿಗೆ ಹೋಗುತ್ತೆ. ತೊಂದ್ರೆ ಬರೋದು ಕೂಡಿದ್ರೆ ಒಂದನ್ನ ದಾಟಿದಾಗ. ಮಕ್ಕಳಿಲ್ಲದ ಹೆಂಗಸು ತೀರಿಕೊಂಡ್ಳು, ಗಂಡ ಇದ್ದಾನೆ, ಒಡಹುಟ್ಟಿದ ಅಕ್ಕತಂಗಿಯರಿಬ್ರು ಇದ್ದಾರೆ. ಗಂಡನಿಗೆ ಅರ್ಧ, ಅಕ್ಕತಂಗಿಯರಿಗೆ ಸೇರಿ ಮೂರನೇ ಎರಡು. ಛೇದ ಆರು ಮಾಡ್ಕೊಂಡ್ರೆ 3 + 4 = 7, ಆರರಲ್ಲಿ ಏಳು ಪಾಲು! ಮನೆ ಒಂದೇ, ಕೊಡ್ಬೇಕಾಗಿರೋದು ಒಂದೂಕಾಲಿಗೆ ಸ್ವಲ್ಪ ಕಮ್ಮಿ.

ಇಂಥ ಕೇಸು ಎರಡನೇ ಖಲೀಫ ಉಮರ್ ಮುಂದೆ ಬಂತು ಅಂತಾರೆ, ಅಂದ್ರೆ 634ರಿಂದ 644ರ ಒಳಗೆ. ಯಾರ ಪಾಲನ್ನ ಮೊದಲು ಕೊಡ್ಲಿ, ಯಾರದ್ದನ್ನ ಕಡಿತ ಮಾಡ್ಲಿ, ದೇವರೇ ಎಲ್ರಿಗೂ ಹೇಳಿರೋವಾಗ? ಪ್ರವಾದಿಯ ಸಹಚರರ ಜೊತೆ ಮಾತಾಡಿ ಕಂಡ್ಕೊಂಡ ದಾರಿ ಏನಂದ್ರೆ ಛೇದವನ್ನೇ ಏರಿಸೋದು. ಆರರ ಬದಲು ಏಳು ಪಾಲು ಮಾಡಿ, ಗಂಡನಿಗೆ ಮೂರು, ಅಕ್ಕತಂಗಿಯರಿಗೆ ನಾಲ್ಕು. ಎಲ್ರಿಗೂ ಒಂದೇ ಪ್ರಮಾಣದಲ್ಲಿ ಕಡಿಮೆ ಆಯ್ತು, ಒಬ್ಬರ ಪಾಲಿಗೂ ಇನ್ನೊಬ್ಬರ ಪಾಲಿಗೂ ಇದ್ದ ಅನುಪಾತ ಹಾಗೇ ಉಳೀತು. ಇದಕ್ಕೆ ‘ಔಲ್’ ಅಂತಾರೆ. ದಿವಾಳಿ ಎದ್ದೋನ ಸಾಲಗಾರರಿಗೆ ಇರೋ ದುಡ್ಡನ್ನ ಸಾಲದ ಪ್ರಮಾಣದಲ್ಲಿ ಹಂಚಲ್ವಾ, ಅದೇ ತರ್ಕ.

ಎಲ್ರೂ ಒಪ್ಪಲಿಲ್ಲ. ಪ್ರವಾದಿಯ ಚಿಕ್ಕಪ್ಪನ ಮಗ ಇಬ್ನ್ ಅಬ್ಬಾಸ್ ಖಡಾಖಂಡಿತವಾಗಿ ವಿರೋಧಿಸಿದ್ರು ಅಂತ ಪರಂಪರೆ ಹೇಳುತ್ತೆ, ಮರಳುಗಾಡಿನ ಮರಳಿನ ಕಣ ಎಣಿಸಬಲ್ಲ ದೇವರು ಒಂದೇ ಆಸ್ತಿಯಲ್ಲಿ ಕೂಡಿದ್ರೆ ಹೊಂದದೇ ಇರೋ ಪಾಲುಗಳನ್ನ ಇಡ್ತಾನಾ ಅನ್ನೋದು ಅವರ ವಾದದ ಸಾರ. ಶಿಯಾ ನ್ಯಾಯಶಾಸ್ತ್ರ ಇವತ್ತಿಗೂ ಔಲ್ ಒಪ್ಪಲ್ಲ, ಅವರಲ್ಲಿ ಮೇಲಿನ ಕೇಸಲ್ಲಿ ಗಂಡ ಪೂರ್ತಿ ಅರ್ಧ ತಗೊಳ್ತಾನೆ, ಅಕ್ಕತಂಗಿಯರಿಗೆ ಉಳಿದ ಅರ್ಧ. ನೋಡಿ, ಎರಡು ಕಡೆಯವರೂ ನ್ಯಾಯದ ಹೆಸರಲ್ಲೇ ಮಾತಾಡ್ತಿದ್ದಾರೆ, ಆದ್ರೆ ಒಬ್ಬರು ಅನುಪಾತ ಉಳಿಸ್ತಾರೆ, ಇನ್ನೊಬ್ಬರು ಕೆಲವರ ಪಾಲನ್ನ ಅಲ್ಲಾಡದ ಹಾಗೆ ಇಟ್ಟು ನಷ್ಟವನ್ನ ಬೇರೆಯವರ ಮೇಲೆ ಹಾಕ್ತಾರೆ. ನನ್ನ ಓಟು ಯಾವ ಕಡೆಗೆ ಅಂತ ಕೇಳಿದ್ರೆ ಗಣಿತದ ಸೊಗಸು ಔಲ್‌ನಲ್ಲೇ ಇದೆ ಅಂತೀನಿ, ಧರ್ಮಶಾಸ್ತ್ರದ ತೀರ್ಪು ಕೊಡೋ ಯೋಗ್ಯತೆ ನನಗಿಲ್ಲ.

ಇದರಲ್ಲೇ ತುಂಬಾ ಫೇಮಸ್ ಆದ ಒಂದು ಕೇಸಿದೆ. ಒಬ್ಬ ತೀರಿಕೊಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅಪ್ಪ, ಅಮ್ಮ ಇದ್ದಾರೆ. ಹೆಂಡತಿಗೆ ಎಂಟನೇ ಒಂದು, ಹೆಣ್ಣುಮಕ್ಕಳಿಗೆ ಮೂರನೇ ಎರಡು, ಅಪ್ಪ ಅಮ್ಮಂಗೆ ಆರನೇ ಒಂದೊಂದು. 24ರ ಛೇದದಲ್ಲಿ 3, 16, 4, 4, ಕೂಡಿದ್ರೆ 27. ನಾಲ್ಕನೇ ಖಲೀಫ ಅಲಿ ಅವರು ಮಿಂಬರ್ ಮೇಲೆ, ಅಂದ್ರೆ ಮಸೀದಿಯ ಪ್ರವಚನ ಪೀಠದ ಮೇಲೆ ನಿಂತು ಪ್ರವಚನ ಕೊಡ್ತಿರೋವಾಗ ಯಾರೋ ಈ ಪ್ರಶ್ನೆ ಕೇಳಿದ್ರಂತೆ, ಅವರು ಮಾತು ನಿಲ್ಲಿಸದೇ ಅವಳ ಎಂಟನೇ ಒಂದು ಒಂಬತ್ತನೇ ಒಂದಾಯ್ತು ಅಂದುಬಿಟ್ರಂತೆ. 27ರಲ್ಲಿ 3, ಹೌದು, ಒಂಬತ್ತನೇ ಒಂದು. ಅದಕ್ಕೇ ಈ ಕೇಸಿಗೆ ‘ಮಿಂಬರಿಯ್ಯ’ ಅಂತಾನೇ ಹೆಸರು. 27 ಲಕ್ಷದ ಆಸ್ತಿ ಅಂತ ಇಟ್ಕೊಳ್ಳಿ, ಹೆಂಡತಿಗೆ 3 ಲಕ್ಷ, ಹೆಣ್ಣುಮಕ್ಕಳಿಗೆ ಎಂಟೆಂಟು, ಅಪ್ಪ ಅಮ್ಮಂಗೆ ನಾಲ್ಕು ನಾಲ್ಕು, ಒಂದು ಪೈಸೆ ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ. ಆಮೇಲೆ ಬಂದ ನ್ಯಾಯವೇತ್ತರು ಸಾಧ್ಯ ಇರೋ ಎಲ್ಲಾ ಜೋಡಣೆ ಕೂತು ಲೆಕ್ಕ ಹಾಕಿ, ಛೇದ 6 ಇದ್ರೆ ಅದು 7, 8, 9, 10ಕ್ಕೆ ಏರಬಹುದು, 12 ಇದ್ರೆ 13, 15, 17ಕ್ಕೆ, 24 ಇದ್ರೆ 27ಕ್ಕೆ ಮಾತ್ರ ಅಂತ ಪಟ್ಟಿ ಮಾಡಿಟ್ರು. ಉಲ್ಟಾ ಕೇಸೂ ಇದೆ, ಪಾಲು ಕೂಡಿದ್ರೆ ಒಂದಕ್ಕಿಂತ ಕಮ್ಮಿ ಬಂದು ಉಳಿದಿದ್ದನ್ನ ತಗೊಳ್ಳೋರೇ ಇಲ್ಲ ಅಂದ್ರೆ ಅದೇ ಅನುಪಾತದಲ್ಲಿ ವಾಪಸ್ ಹಂಚೋದು, ಅದು ‘ರದ್ದ್’.

ಈಗ ಬಾಗ್ದಾದ್‌ಗೆ ಬನ್ನಿ. ಖಲೀಫ ಮಾಮೂನ್ (813ರಿಂದ 833) ಕಾಲದಲ್ಲಿ ಅಲ್ ಖ್ವಾರಿಝ್ಮಿ ಬರೆದ ಅಲ್-ಜಬ್ರ್ ಪುಸ್ತಕವನ್ನ ನಾವೆಲ್ಲ ಬೀಜಗಣಿತದ ಮೂಲಗ್ರಂಥ ಅಂತ ಒಂದು ಸಾಲಲ್ಲಿ ಓದಿ ಮುಗಿಸಿರ್ತೀವಿ. ಆತ ಮುನ್ನುಡಿಯಲ್ಲೇ ಹೇಳ್ಕೊಂಡಿದ್ದಾನೆ, ಜನಕ್ಕೆ ವಾರಸುದಾರಿಕೆ, ವಿಲ್ಲು, ಪಾಲು, ವ್ಯಾಜ್ಯ, ವ್ಯಾಪಾರ, ಜಮೀನು ಅಳೆಯೋದು, ಕಾಲುವೆ ತೋಡೋದು ಇದಕ್ಕೆಲ್ಲ ಬೇಕಾಗೋ ಲೆಕ್ಕ ಇದು ಅಂತ. ಪುಸ್ತಕದ ದೊಡ್ಡ ಭಾಗ ಇರೋದು ವಿಲ್ಲು ಮತ್ತೆ ಆಸ್ತಿ ಹಂಚಿಕೆಯ ಲೆಕ್ಕಗಳೇ.

ಒಂದು ಲೆಕ್ಕ ನೋಡಿ. ಒಬ್ಬನಿಗೆ ಇಬ್ಬರು ಗಂಡುಮಕ್ಕಳು, ಆಸ್ತಿಯ ಮೂರನೇ ಒಂದನ್ನ ಹೊರಗಿನವನೊಬ್ಬನಿಗೆ ಬರೆದಿಟ್ಟು ತೀರಿಕೊಂಡ. ಕೈಯಲ್ಲಿರೋದು ಹತ್ತು ದಿರ್ಹಮ್, ಇನ್ನು ಹತ್ತು ದಿರ್ಹಮ್ ಒಬ್ಬ ಮಗನೇ ಅಪ್ಪನಿಗೆ ಕೊಡ್ಬೇಕಾಗಿರೋ ಸಾಲ. ಆ ಸಾಲದಲ್ಲಿ ಎಷ್ಟು ಆ ಮಗನ ಪಾಲಿಗೆ ಜಮಾ ಆಗುತ್ತೋ ಅದನ್ನ ‘ವಸ್ತು’ ಅಂತ ಕರೆಯೋಣ ಅಂತಾನೆ ಖ್ವಾರಿಝ್ಮಿ, ನಮ್ಮ ಎಕ್ಸ್. ಆಗ ಆಸ್ತಿ ಹತ್ತು ಮತ್ತೆ ಒಂದು ವಸ್ತು. ಮೂರು ಜನಕ್ಕೂ ಸಮ ಪಾಲು ಬೀಳುತ್ತೆ, ಒಬ್ಬೊಬ್ಬರಿಗೂ ಹತ್ತರ ಮೂರನೇ ಒಂದು ಮತ್ತೆ ವಸ್ತುವಿನ ಮೂರನೇ ಒಂದು, ಸಾಲಗಾರ ಮಗನ ಪಾಲು ಆ ವಸ್ತುವೇ. ಅಂದ್ರೆ ವಸ್ತು ಐದು. ಕೈಯಲ್ಲಿರೋ ಹತ್ತರಲ್ಲಿ ಹೊರಗಿನವನಿಗೆ ಐದು, ಇನ್ನೊಬ್ಬ ಮಗನಿಗೆ ಐದು, ಸಾಲಗಾರ ಮಗನಿಗೆ ಕೈಗೆ ಏನೂ ಬರಲ್ಲ, ಅವನ ಐದು ಸಾಲದಲ್ಲಿ ವಜಾ. ಗೊತ್ತಿಲ್ಲದೇ ಇರೋದಕ್ಕೆ ಒಂದು ಹೆಸರಿಟ್ಟು ಅದು ಎರಡೂ ಕಡೆ ಬಂದ್ರೂ ಹೆದರದೇ ಬಿಡಿಸೋದು ಯಾಕೆ ಬೇಕಾಯ್ತು ಅಂತ ಇದನ್ನ ನೋಡಿದ್ರೆ ಗೊತ್ತಾಗುತ್ತೆ, ಸ್ಕೂಲಲ್ಲಿ ನಮಗೆ ಯಾರೂ ಹೇಳಿರಲಿಲ್ಲ.

ಆತನ ಎರಡು ಮುಖ್ಯ ಕೈಚಳಕಾನೂ ತಕ್ಕಡಿಯದ್ದೇ. ಒಂದು ಕಡೆ ಕಳೆಯೋದಿದ್ರೆ ಅದನ್ನ ಭರ್ತಿ ಮಾಡಿ ಇನ್ನೊಂದು ಕಡೆಗೂ ಅಷ್ಟೇ ಹಾಕೋದು ಜಬ್ರ್: ಒಂದು ವರ್ಗ (ವಸ್ತುವನ್ನ ವಸ್ತುವಿನಿಂದಲೇ ಗುಣಿಸಿದ್ದು) ಅಂದ್ರೆ ನಲವತ್ತು ವಸ್ತುವಿನಲ್ಲಿ ನಾಲ್ಕು ವರ್ಗ ಕಮ್ಮಿ ಅಂತಿದ್ರೆ ಎರಡೂ ಕಡೆ ನಾಲ್ಕು ವರ್ಗ ಹಾಕಿ, ಐದು ವರ್ಗಕ್ಕೆ ನಲವತ್ತು ವಸ್ತು ಸಮ, ಉತ್ತರ ಎಂಟು. ಎರಡೂ ಕಡೆ ಇರೋ ಒಂದೇ ಜಾತಿಯದ್ದನ್ನ ಸಮವಾಗಿ ತೆಗೆದುಬಿಡೋದು ಮುಕಾಬಲ. ಋಣ ಸಂಖ್ಯೆಯನ್ನ ಒಂಟಿಯಾಗಿ ನಿಲ್ಲಕ್ಕೇ ಬಿಡಲ್ಲ, ಅದಕ್ಕೇ ಇವತ್ತು ನಾವು ಒಂದೇ ಸೂತ್ರದಲ್ಲಿ ಮುಗಿಸೋ ವರ್ಗ ಸಮೀಕರಣಗಳನ್ನ ಆತ ಆರು ನಮೂನೆ ಮಾಡಿ ಬಿಡಿಸ್ಬೇಕಾಯ್ತು. ತಮಾಷೆ ಅಂದ್ರೆ ಬ್ರಹ್ಮಗುಪ್ತ 628ರಲ್ಲೇ ಧನ ಋಣ ಎರಡಕ್ಕೂ ನಿಯಮ ಬರೆದಿದ್ದ, ಭಾರತದ ಅಂಕಿಗಳನ್ನ ಅರಬ್ಬರಿಗೆ ಪರಿಚಯಿಸಿ ಪುಸ್ತಕ ಬರೆದೋನೂ ಇದೇ ಖ್ವಾರಿಝ್ಮಿ, ಆದ್ರೂ ಋಣ ಮಾತ್ರ ಅಲ್ಲಿಗೆ ಹೋಗ್ಲಿಲ್ಲ. ಸುಮಾರು ಅದೇ ಕಾಲಕ್ಕೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೀತಿದ್ದ, ಅದೇ ರಾಷ್ಟ್ರಕೂಟ ದೊರೆಗಳನ್ನ ಅರಬ್ ವರ್ತಕರು ‘ಬಲ್ಹರಾ’ ಅಂತ ಕರೆದು ಲೋಕದ ನಾಲ್ಕು ದೊಡ್ಡ ರಾಜರಲ್ಲಿ ಸೇರಿಸಿದ್ರು.

ಆಮೇಲೆ ತಕ್ಕಡಿಯೇ ಸಂಶೋಧನೆಯ ವಸ್ತು ಆಯ್ತು. ಹರ್ರಾನಿನ ಸಾಬಿಯನ್ ಪಂಗಡದ ಸಾಬಿತ್ ಇಬ್ನ್ ಕುರ್ರ (ತೀರಿಕೊಂಡಿದ್ದು 901), ಮುಸ್ಲಿಮನೇ ಅಲ್ಲ, ಒಂದು ಕೈ ಗಿಡ್ಡ ಒಂದು ಕೈ ಉದ್ದ ಇರೋ ತಕ್ಕಡಿ ಯಾಕೆ ಸಮ ನಿಲ್ಲುತ್ತೆ ಅಂತ ಗಣಿತದಲ್ಲಿ ಸಾಧಿಸಿ ತೋರಿಸ್ದ. ಇದರ ಶಿಖರ ಅಂದ್ರೆ ಮರ್ವ್ ಪಟ್ಟಣದ ಅಲ್ ಖಾಝಿನಿ, ಮೊದಲು ಗುಲಾಮನಾಗಿದ್ದೋನು, 1121ರ ಹೊತ್ತಿಗೆ ಸುಲ್ತಾನ್ ಸಂಜರ್‌ಗೋಸ್ಕರ ‘ವಿವೇಕದ ತಕ್ಕಡಿ’ ಅನ್ನೋ ಅರ್ಥದ ಹೆಸರಿನ ಪುಸ್ತಕ ಬರೆದ. ಅದರಲ್ಲಿರೋ ತಕ್ಕಡಿಗೆ ಐದು ತಟ್ಟೆ, ಸುಮಾರು ಎರಡು ಮೀಟರ್ ಉದ್ದದ ದಂಡ, ಒಂದು ತಟ್ಟೆ ನೀರೊಳಗೆ. ಚಿನ್ನ ನೀರಲ್ಲಿ ಮುಳುಗಿದ್ರೆ ತೂಕದಲ್ಲಿ ಸುಮಾರು ಹತ್ತೊಂಬತ್ತನೇ ಒಂದು ಕಮ್ಮಿ ತೂಗುತ್ತೆ, ಬೆಳ್ಳಿ ಸುಮಾರು ಹತ್ತೂವರೆ ಪಾಲಲ್ಲಿ ಒಂದು ಪಾಲು. 190 ಗ್ರಾಂ ಒಡವೆ ನೀರಲ್ಲಿ 10 ಗ್ರಾಂ ಕಮ್ಮಿ ತೂಗಿದ್ರೆ ಚೊಕ್ಕ ಚಿನ್ನ, 18 ಕಮ್ಮಿ ಆದ್ರೆ ಬರೀ ಬೆಳ್ಳಿ, 14 ಅಂದ್ರೆ ಅರ್ಧಕ್ಕರ್ಧ ಬೆರಕೆ. ಒಡವೆ ಕರಗಿಸ್ಬೇಕಾಗಿಲ್ಲ, ಒರೆಗಲ್ಲೂ ಬೇಡ.

ಆತನಿಗಿಂತ ಮುಂಚೆ ಅಲ್ ಇಸ್ಫಿಝಾರಿ ಅನ್ನೋನು ಇಂಥದ್ದೇ ತಕ್ಕಡಿ ಮಾಡಿದ್ದನಂತೆ. ಖಜಾನೆ ನೋಡ್ಕೊಳ್ತಿದ್ದೋನಿಗೆ ತನ್ನ ಕಳ್ಳತನ ಬಯಲಾಗುತ್ತೆ ಅನ್ನೋ ಭಯ, ಅದನ್ನ ಒಡೆದು ಹಾಕಿಸಿದ, ಇಸ್ಫಿಝಾರಿ ಆ ಕೊರಗಲ್ಲೇ ತೀರಿಕೊಂಡ ಅಂತ ಹಳೇ ಚರಿತ್ರೆಕಾರರು ಬರೀತಾರೆ. ಕಳ್ಳರ ಲೋಕ ಹಾಗೇ ಅಲ್ವಾ, ಸಿಸಿಟಿವಿ ಮೊದಲು ಕೆಟ್ಟು ಹೋಗೋದು.

ಅದೇ ಹೊತ್ತಿಗೆ ಧರ್ಮಪಂಡಿತ ಗಝಾಲಿ (ತೀರಿಕೊಂಡಿದ್ದು 1111) ‘ತಕ್ಕಡಿ’ ಅನ್ನೋ ಪದವನ್ನ ತರ್ಕಕ್ಕೆ ಒಯ್ದು, ವಾದ ಸರಿಯೋ ತಪ್ಪೋ ನೋಡಕ್ಕೆ ಕುರ್‌ಆನಲ್ಲೇ ಐದು ತಕ್ಕಡಿ ಇದೆ ಅಂತ ಅರಿಸ್ಟಾಟಲಿನ ತರ್ಕವನ್ನೇ ಹೊಸ ಅಂಗಿ ತೊಡಿಸಿ ತೋರಿಸ್ದ. ಗಣಿತವನ್ನ ಅಲ್ಲಗಳೆದ್ರೆ ಧರ್ಮ ಕಾಪಾಡಿದ ಹಾಗೆ ಅಂದ್ಕೊಳ್ಳೋರು ಧರ್ಮಕ್ಕೇ ದ್ರೋಹ ಮಾಡ್ತಾರೆ ಅಂತ ಬೈದಿದ್ದೂ ಆತನೇ. ಇನ್ನು ಜಾಬಿರ್ ಇಬ್ನ್ ಹಯ್ಯಾನ್ ಹೆಸರಲ್ಲಿರೋ ರಸವಿದ್ಯೆ ಗ್ರಂಥಗಳಲ್ಲಿ ಲೋಹದ ಹೆಸರಿನ ಅಕ್ಷರಗಳಿಂದ ಅದರ ಗುಣ ತೂಗ್ತಾರೆ, 1, 3, 5, 8 ಕೂಡಿದ್ರೆ 17, ಎಲ್ಲದರ ಗುಟ್ಟು ಅದರಲ್ಲಿದೆ ಅಂತಾರೆ. 19ರ ಹಿಂದೆ ಬಿದ್ದೋರಿಗೂ ಹಿರಿಯರು ಇದ್ರು ಅನ್ನಿ.

ಖಾಝಿನಿಯ ತಕ್ಕಡಿ ಉಳೀಲಿಲ್ಲ, ಪುಸ್ತಕ ಉಳೀತು. ಔಲ್ ಮಾತ್ರ ದಿನಬಳಕೆಯಲ್ಲೇ ಇದೆ. ನಮ್ಮಲ್ಲಿ 1937ರ ಶರೀಅತ್ ಕಾಯ್ದೆ ಪ್ರಕಾರ ಮುಸ್ಲಿಂ ಕುಟುಂಬದ ಪಾಲಿನ ಕೇಸು ಕೋರ್ಟಿಗೆ ಬಂದ್ರೆ, ಪಾಲು ಒಂದನ್ನ ದಾಟಿದಾಗ ಸುನ್ನಿಗಳಿಗೆ ಇದೇ ನಿಯಮ, ಅವರ ನ್ಯಾಯಪಂಥ ಹನಫಿ ಆಗಿರ್ಲಿ, ಕರಾವಳಿಯ ಬ್ಯಾರಿ ನವಾಯತರ ಹಾಗೆ ಶಾಫಿ ಆಗಿರ್ಲಿ. ಆನ್‌ಲೈನ್ ಕ್ಯಾಲ್ಕುಲೇಟರುಗಳೂ ಬಂದಿವೆ, ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ಇಬ್ಬರು, ಅಪ್ಪ, ಅಮ್ಮ ಅಂತ ಟಿಕ್ ಮಾಡಿದ್ರೆ 24 ಹೋಗಿ 27 ಬರುತ್ತೆ. ಅದಕ್ಕೂ ಮುಂಚೆ ನೀವು ಸುನ್ನಿನೋ ಶಿಯಾನೋ ಅಂತ ಕೇಳದೇ ಇರೋ ಕ್ಯಾಲ್ಕುಲೇಟರನ್ನ ನಂಬಕ್ಕೆ ಹೋಗ್ಬೇಡಿ.