ಹಳೆಯ ಕಾರುಗಳ ಖಾಸಗಿ ಮ್ಯೂಸಿಯಂಗಳು ಏಕೆ ಬಾಗಿಲು ಮುಚ್ಚುತ್ತವೆ?

ಅಮೆರಿಕದ ಮಿಸಿಸಿಪಿ ರಾಜ್ಯದ ಟುಪೆಲೊ ಪಟ್ಟಣದಲ್ಲಿದ್ದ ಆಟೊಮೊಬೈಲ್ ಮ್ಯೂಸಿಯಂ 2019ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿತು. ಮರು ತಿಂಗಳೇ ಬೊನಾಮ್ಸ್ ಹರಾಜು ಸಂಸ್ಥೆ ಅಲ್ಲಿದ್ದ ನೂರಕ್ಕೂ ಹೆಚ್ಚು ಕಾರುಗಳನ್ನು ಎರಡು ದಿನಗಳಲ್ಲಿ ಮಾರಿಬಿಟ್ಟಿತು. ಈ ಕಾರುಗಳನ್ನು ಕೂಡಿಹಾಕಿದವರು ಟೆಲಿವಿಷನ್ ಉದ್ಯಮಿ ಫ್ರಾಂಕ್ ಸ್ಪೇನ್. ಮ್ಯೂಸಿಯಂ ಆರಂಭವಾದದ್ದು 2002ರಲ್ಲಿ, ಅವರು ತೀರಿಕೊಂಡದ್ದು 2006ರಲ್ಲಿ. ಹರಾಜಿನ ಹಣ ಶಿಕ್ಷಣದ ನೆರವಿಗೆ ಮೀಸಲಾಗಿದ್ದುದರಿಂದ ಇದನ್ನು ದಿವಾಳಿ ಎನ್ನಲಾಗದು, ಮೋಸ ಎನ್ನುವುದಂತೂ ಸಾಧ್ಯವೇ ಇಲ್ಲ. ಆದರೂ ಒಬ್ಬರ ಆಸ್ಥೆಯಿಂದ ಹುಟ್ಟಿದ ಮ್ಯೂಸಿಯಂ ಅವರ ನಂತರ ಹದಿನೈದು ವರ್ಷವೂ ಉಳಿಯದೆ ಹೋಗುವುದು ಈ ಕ್ಷೇತ್ರದಲ್ಲಿ ಅಪರೂಪದ ಸಂಗತಿಯಲ್ಲ.

ಇಂಥ ಮ್ಯೂಸಿಯಂಗಳು ಸಾಮಾನ್ಯವಾಗಿ ಮ್ಯೂಸಿಯಂ ಆಗಬೇಕೆಂದು ಹುಟ್ಟಿದವಲ್ಲ. ಯಾರೋ ಒಬ್ಬರು ಒಂದು ಹಳೆಯ ಕಾರು ಕೊಳ್ಳುತ್ತಾರೆ, ಅದರ ಬಿಡಿಭಾಗಕ್ಕೆಂದು ಅಂಥದೇ ಇನ್ನೊಂದನ್ನು ಕೊಳ್ಳುತ್ತಾರೆ, ಶೆಡ್ಡು ಸಾಲದೆ ಗೋದಾಮು ಬರುತ್ತದೆ, ನೋಡಲು ಬರುವವರು ಹೆಚ್ಚಾದಾಗ ಬಾಗಿಲಲ್ಲಿ ಟಿಕೆಟ್ ಕೌಂಟರ್ ಇಡಲಾಗುತ್ತದೆ. ಇಷ್ಟೆಲ್ಲ ಆದರೂ ಕಾರುಗಳ ದಾಖಲೆ ಪತ್ರಗಳಲ್ಲಿ ಮಾಲೀಕರಾಗಿ ಉಳಿಯುವುದು ಅದೇ ವ್ಯಕ್ತಿ ಅಥವಾ ಅವರ ಕಂಪನಿ. ಮ್ಯೂಸಿಯಂ ಮುಂದೆಂದೋ ಮುಚ್ಚುವುದೋ ಉಳಿಯುವುದೋ ಎಂಬುದು ಬಹುಮಟ್ಟಿಗೆ ಈ ಪತ್ರಗಳಲ್ಲೇ ತೀರ್ಮಾನವಾಗಿರುತ್ತದೆ.

ಇದಕ್ಕೆ ಅತಿ ದೊಡ್ಡ ನಿದರ್ಶನ ನೆವಾಡಾ ರಾಜ್ಯದ ರೀನೊ ನಗರದ ಕ್ಯಾಸಿನೊ ಮಾಲೀಕ ವಿಲಿಯಂ ಹರಾ ಅವರ ಸಂಗ್ರಹ. 1978ರಲ್ಲಿ ಅವರು ನಿಧನರಾದಾಗ ಅಲ್ಲಿ ಸುಮಾರು 1,400 ವಾಹನಗಳಿದ್ದವು. 1980ರಲ್ಲಿ ಹಾಲಿಡೇ ಇನ್ ಕಂಪನಿ ಹರಾ ಅವರ ಹೋಟೆಲ್ ಮತ್ತು ಕ್ಯಾಸಿನೊ ವ್ಯವಹಾರವನ್ನು ಕೊಂಡಾಗ ಕಾರುಗಳೂ ಕುರ್ಚಿ ಮೇಜುಗಳಂತೆ ವ್ಯವಹಾರದ ಆಸ್ತಿಯಾಗಿ ಅದರ ಕೈಸೇರಿದವು. 1984ರಿಂದ 1986ರವರೆಗೆ ಮೂರು ಹರಾಜುಗಳಲ್ಲಿ ಅವುಗಳ ಬಹುಪಾಲು ಚದುರಿಹೋಯಿತು. ಒಟ್ಟು ಆರೇ ಆರು ಉಳಿದಿರುವ ಬುಗಾಟಿ ರಾಯಲ್ ಕಾರುಗಳಲ್ಲಿ ಒಂದು ಅಲ್ಲಿ 65 ಲಕ್ಷ ಡಾಲರಿಗೆ ಹೋಯಿತು. ಕಂಪನಿ ದಾನವಾಗಿ ಬಿಟ್ಟುಕೊಟ್ಟ 175 ಕಾರುಗಳು ಮತ್ತು ಸಂಶೋಧನಾ ಗ್ರಂಥಾಲಯದ ಆಧಾರದ ಮೇಲೆ 1989ರಲ್ಲಿ ರೀನೊದಲ್ಲಿ ಹೊಸ ಮ್ಯೂಸಿಯಂ ತೆರೆಯಿತು.

ಫ್ರಾನ್ಸಿನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಮುಲೂಸ್ ನಗರದ ಉಣ್ಣೆ ಗಿರಣಿ ಮಾಲೀಕರಾದ ಷ್ಲುಂಫ್ ಸಹೋದರರ ವ್ಯವಹಾರ ಕುಸಿದು, 1977ರಲ್ಲಿ ಕಾರ್ಮಿಕರು ಗಿರಣಿಗೆ ನುಗ್ಗಿದಾಗ ಒಳಗಿದ್ದ ನೂರಾರು ಕಾರುಗಳು ಬೆಳಕಿಗೆ ಬಂದವು. ಸಂಬಳಕ್ಕೆ ಪರದಾಡುತ್ತಿದ್ದವರ ಮುಂದೆ ಸಾಲು ಸಾಲು ಬುಗಾಟಿಗಳು! ಸರ್ಕಾರ ಮರುವರ್ಷವೇ ಸಂಗ್ರಹವನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. 1982ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಕಾನೂನು ಅಡ್ಡ ಬಂದದ್ದರಿಂದಲೇ ಆ ಕಾರುಗಳು ಹರಾಜು ಕಟ್ಟೆ ಏರಲಿಲ್ಲ. ಸಣ್ಣ ಮ್ಯೂಸಿಯಂಗಳಿಗೆ ಈ ಅದೃಷ್ಟ ಸಿಗುವುದು ತೀರ ಕಡಿಮೆ.

ಮಾಲೀಕರು ಬದುಕಿರುವಾಗಲೇ ಮುಚ್ಚಿದ ಉದಾಹರಣೆಗಳೂ ಇವೆ. ಬ್ರೂಸ್ ವೈನರ್ ಅವರು ಜಾರ್ಜಿಯಾ ರಾಜ್ಯದ ಮ್ಯಾಡಿಸನ್‌ನಲ್ಲಿ ಕಟ್ಟಿದ್ದ ಮೈಕ್ರೋಕಾರು ಮ್ಯೂಸಿಯಂ 2013ರ ಫೆಬ್ರುವರಿಯಲ್ಲಿ ಹರಾಜಾಯಿತು. ಎರಡನೇ ಮಹಾಯುದ್ಧದ ನಂತರ ಹಣವೂ ಪೆಟ್ರೋಲೂ ಸಾಲದ ಯುರೋಪಿನಲ್ಲಿ ಹುಟ್ಟಿದ ಪುಟಾಣಿ ಕಾರುಗಳು ಅವು. ಮುಂಭಾಗವೇ ಬಾಗಿಲಾಗಿದ್ದ ಇಸೆಟ್ಟಾ, ಒಬ್ಬರ ಹಿಂದೆ ಒಬ್ಬರು ಕೂರಬೇಕಾದ ಮೂರು ಚಕ್ರದ ಮೆಸ್ಸರ್‌ಶ್ಮಿಟ್, ಸುಮಾರು 137 ಸೆಂಟಿಮೀಟರ್ ಉದ್ದದ ಪೀಲ್ ಪಿ50. ಈ ಪೀಲ್‌ಗೆ ರಿವರ್ಸ್ ಗೇರೇ ಇಲ್ಲ. ಹಿಂದಕ್ಕೆ ಹೋಗಬೇಕಾದರೆ ಇಳಿದು, ಹಿಂಬದಿಯ ಹಿಡಿಯನ್ನು ಎತ್ತಿ, ಕಾರನ್ನು ಕೈಯಲ್ಲೇ ತಿರುಗಿಸಬೇಕು. ಒಂಟಿಯಾಗಿ ನೋಡಿದರೆ ಇದು ಆಟಿಕೆ. ಇಂಥ ಹಲವು ಕಾರುಗಳ ನಡುವೆ ಕಂಡಾಗ ಮಾತ್ರ ಆ ಕಾಲದ ಅಭಾವ ಎಷ್ಟಿತ್ತೆಂಬುದು ಅರಿವಾಗುತ್ತದೆ. ಹರಾಜಿನಲ್ಲಿ ಕಳೆದುಹೋದದ್ದು ಈ ನೆರೆಹೊರೆಯೇ ಎಂಬುದು ನನ್ನ ಅಭಿಪ್ರಾಯ.

ಖರ್ಚಿನ ಲೆಕ್ಕ ಬೇರೆಯೇ ಇದೆ. ನಿಂತ ಕಾರು ಸುಮ್ಮನೆ ನಿಂತಿರುವುದಿಲ್ಲ. ಪೆಟ್ರೋಲ್ ಹಳಸಿ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಂಡು ಬ್ರೇಕಿನ ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ. ಭಾರ ಒಂದೇ ಕಡೆ ಬಿದ್ದು ಟೈರುಗಳು ಚಪ್ಪಟೆಯಾಗುತ್ತವೆ. ಮರದ ಚೌಕಟ್ಟಿನ ಮೇಲೆ ಕಟ್ಟಿದ ಹಳೆಯ ಬಾಡಿಗಳು ತೇವ ಹೆಚ್ಚಾದರೆ ಉಬ್ಬುತ್ತವೆ, ಕಡಿಮೆಯಾದರೆ ಬಿರಿಯುತ್ತವೆ. ವಿಮೆ, ತೇವಾಂಶ ನಿಯಂತ್ರಣ, ಕಟ್ಟಡದ ಚಾವಣಿ, ಮೆಕ್ಯಾನಿಕ್‌ನ ಸಂಬಳ ಇವೆಲ್ಲವನ್ನೂ ಟಿಕೆಟ್ ಹಣ ಹೊರುವುದಿಲ್ಲ. ಮಾಲೀಕರ ಜೇಬು ಹೊರುತ್ತಿರುತ್ತದೆ.

ಮೆಕ್ಯಾನಿಕ್ ಸಿಗುವುದು ಇನ್ನೂ ಕಷ್ಟ. ಫೋರ್ಡ್ ಮಾಡೆಲ್ ಟಿ ಕಾರು 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾಯಿತು, ಆದರೆ ಇಂದಿನ ಚಾಲಕನಿಗೆ ಅದು ಅಪರಿಚಿತ. ಎಡ ಪೆಡಲ್ ಗೇರಿಗೆ, ನಡುವಿನದು ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕಿಗೆ. ವೇಗ ಹೆಚ್ಚಿಸುವುದು ಸ್ಟಿಯರಿಂಗ್ ಕೆಳಗಿನ ಕೈ ಲಿವರಿನಿಂದ. ಹ್ಯಾಂಡಲ್ ತಿರುಗಿಸಿ ಚಾಲು ಮಾಡುವ ಮುನ್ನ ಕಿಡಿ ಹೊತ್ತುವ ಸಮಯ ಹೊಂದಿಸುವ ಸ್ಪಾರ್ಕ್ ಲಿವರನ್ನು ಹಿಂದಕ್ಕೆ ಇಡಲು ಮರೆತರೆ ಎಂಜಿನ್ ಹಿಮ್ಮುಖವಾಗಿ ಒದ್ದು ಮಣಿಕಟ್ಟು ಮುರಿಯಬಹುದು. ಇದನ್ನು ಕೈಯಾರೆ ಬಲ್ಲ ಒಬ್ಬಿಬ್ಬರು ನಿವೃತ್ತರಾದ ದಿನವೇ ಅಂಥ ಮ್ಯೂಸಿಯಂ ಅರ್ಧ ಮುಚ್ಚಿದಂತೆ. ಅಲ್ಲಿಂದಾಚೆಗೆ ಕಾರು ಓಡುವುದಿಲ್ಲ, ನಿಂತಿರುತ್ತದೆ.

ನಿಯಮಗಳು ಇಲ್ಲವೆಂದಲ್ಲ. ಸಂಗ್ರಹದ ವಸ್ತುಗಳನ್ನು ಮಾರಿ ಬಂದ ಹಣ ಸಂಗ್ರಹದ ಹಿತಕ್ಕೇ ಬಳಕೆಯಾಗಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿಯ ನೀತಿಸಂಹಿತೆ. ಆದರೆ ಖಾಸಗಿ ಮಾಲೀಕರನ್ನು ಅದು ಕಟ್ಟಿಹಾಕುವುದಿಲ್ಲ. ಉಯಿಲಿನಲ್ಲಿ ಟ್ರಸ್ಟ್ ಸ್ಥಾಪಿಸಿ, ಕಾರುಗಳ ಜೊತೆಗೆ ಅವುಗಳ ಪಾಲನೆಗೆ ಬೇಕಾದ ಮೂಲಧನವನ್ನೂ ಬಿಟ್ಟುಹೋದವರ ಸಂಗ್ರಹಕ್ಕೆ ಉಳಿಯುವ ದಾರಿ ಇದೆ. ಬರೀ ಕಾರುಗಳನ್ನು ಬಿಟ್ಟುಹೋದರೆ ವಾರಸುದಾರರ ಮುಂದಿರುವುದು ತೆರಿಗೆ, ಬಾಡಿಗೆ, ವಿಮೆಯ ಚೀಟಿಗಳು; ಅವರು ಹರಾಜುದಾರರಿಗೆ ಫೋನ್ ಮಾಡಿದ್ದನ್ನು ತಪ್ಪೆಂದು ಹೇಳಲು ನನಗೆ ಮನಸ್ಸು ಬಾರದು.

ಹರಾಜಿನಲ್ಲಿ ಕಾರುಗಳಿಗೆ ಕೊಳ್ಳುವವರು ಸಿಗುತ್ತಾರೆ. ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಮೂಲ ದಾಖಲೆಗೆ ತಾಳೆಯಾಗುವ ಕಾರುಗಳಿಗಂತೂ ಪೈಪೋಟಿ. ಕಷ್ಟವಾಗುವುದು ಉಳಿದದ್ದಕ್ಕೆ: ಯಾವ ಕಾರಿನದೆಂದು ಗೊತ್ತಿದ್ದವರು ಈಗಿಲ್ಲದ ಹೆಡ್‌ಲೈಟು ಬಳೆಗಳು, ಎಣ್ಣೆ ಕಲೆಯ ಕೈಪಿಡಿಗಳು, ಯಾವ ವರ್ಷ ಯಾವ ಬೇರಿಂಗ್ ಬದಲಾಯಿಸಿದೆವೆಂದು ಪೆನ್ಸಿಲಿನಲ್ಲಿ ಬರೆದಿಟ್ಟ ನೋಟು ಪುಸ್ತಕಗಳು. ಇವನ್ನು ಪೆಟ್ಟಿಗೆಗಳಲ್ಲಿ ತುಂಬಿ, ಇಡೀ ಪೆಟ್ಟಿಗೆಗೆ ಒಂದೇ ಸಂಖ್ಯೆ ಕೊಟ್ಟು ಮಾರಲಾಗುತ್ತದೆ. ಕಾರು ಒಬ್ಬರ ಪಾಲಾದರೆ ಅದರ ನೋಟು ಪುಸ್ತಕ ಇನ್ನೊಬ್ಬರ ಪಾಲಾಗಿರುತ್ತದೆ.